ಯಾರಿಗೂ ಬೇಡದ ಸೌತೆಕಾಯಿ

ನಗಬಾರದ ಜಾಗದಲ್ಲೇ ನಗು ತರಿಸುವ ಸಂಗತಿಗಳು ಯಾಕೆ ನಡೆಯುತ್ತವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಸಾವಿನ ಮನೆ, ಸಾಹೇಬರ ಕೋಣೆ, ಆಮೇಲೆ ಚರ್ಚು. ಮೊದಲಿನ ಎರಡರಲ್ಲಿ ನಾನು ಹೇಗೋ ಬಚಾವಾದವನು. ಮೂರನೆಯದರಲ್ಲಿ ಆಗಲಿಲ್ಲ. ಯಾಕೆಂದರೆ ಐವತ್ತರ ದಶಕದಲ್ಲಿ ಬೊಂಬಾಯಿಯ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಗೆ ನಾನೇ ಕಾರ್ಯದರ್ಶಿ.

ನನ್ನ ಭಕ್ತಿ ನೋಡಿ ಆರಿಸಿದ್ದಲ್ಲ ಮಾರಾಯ್ರೆ. ಘಾಟ್ಕೋಪರ್‌ನಿಂದ ಬೋರಿಬಂದರಿನ ಆಫೀಸಿಗೆ ಹೋಗಲಿಕ್ಕೆ ನನ್ನ ಹತ್ತಿರ ರೈಲಿನ ಪಾಸ್ ಇತ್ತು. ದಾದರ್, ಮಾಟುಂಗ ಎಲ್ಲಿ ಬೇಕಾದರೂ ಇಳಿದು ಸುದ್ದಿ ಮುಟ್ಟಿಸಬಹುದು, ಸಭೆಗೆ ಖರ್ಚಿಲ್ಲ. ನಮಗೆ ಸ್ವಂತ ಚರ್ಚೂ ಇರಲಿಲ್ಲ. ಒಂದು ಮರಾಠಿ ಸಭೆಯವರು ಭಾನುವಾರ ತಮ್ಮ ಆರಾಧನೆ ಮುಗಿಸಿ, ಸಂಜೆ ನಾಲ್ಕಕ್ಕೆ ಬೀಗದ ಕೈ ನಮಗೆ ಕೊಡುತ್ತಿದ್ದರು. ಆರೂವರೆಗೆ ವಾಪಸು ಕೊಡಬೇಕು. ಆ ಎರಡೂವರೆ ಗಂಟೆಯಲ್ಲಿ ನಾವು ಊರಿಗೆ ಹೋಗಿ ಬಂದುಬಿಡುತ್ತಿದ್ದೆವು.

ಎರಡು ರಾಗ

ಸಭೆಯಲ್ಲಿ ಅರ್ಧ ಜನ ಮಂಗಳೂರು, ಉಡುಪಿ ಕಡೆಯ ನಾವು. ಇನ್ನರ್ಧ ಧಾರವಾಡ, ಬೆಳಗಾವಿ ಕಡೆಯವರು. ಬೈಬಲ್ ಒಂದೇ, ಹಾಡಿನ ಪುಸ್ತಕ ಒಂದೇ, ರಾಗ ಮಾತ್ರ ಎರಡು. ನಮ್ಮದು ಜರ್ಮನ್ ಪಾದ್ರಿಗಳು ಕಲಿಸಿಹೋದದ್ದು, ಕವಾಯತಿನ ಹಾಗೆ ಠಪ್ ಠಪ್ ಎಂದು ಹೋಗುತ್ತದೆ. ಅವರದ್ದು ಭಜನೆಯ ಧಾಟಿ. ಒಂದು ಸಾಲು ಹೊರಟರೆ ದಾರಿಯಲ್ಲಿ ಸಿಕ್ಕಿದ ನೆಂಟರನ್ನೆಲ್ಲ ಮಾತಾಡಿಸಿಕೊಂಡು ಬರುತ್ತದೆ.

ಹೊಸ ಪಾದ್ರಿಗಳು ಬಂದ ಮೊದಲ ಭಾನುವಾರ. ಪಾದ್ರಿಗಳಿಗೆ ನಾವು ಅಯ್ಯನವರು ಅನ್ನುವುದು. ಅಯ್ಯನವರು ಹಾಡಿನ ನಂಬರು ಹೇಳಿದರು, ಎರಡೂ ಕಡೆಯವರು ಎದ್ದು ನಿಂತು ಶುರುಮಾಡಿದೆವು. ನಾವು ಐದು ಚರಣ ಮುಗಿಸಿ ಕುಳಿತಾಗ ಅವರು ನಾಲ್ಕನೆಯದರ ನಡುವೆ ಇದ್ದರು. ಅವಸರವೇ ಇಲ್ಲ! ಅಷ್ಟು ಜನ ನಿಂತು ದೇವರ ಸ್ತುತಿ ಮಾಡುವಾಗ ಕುಳಿತಿರುವುದು ಸರಿಯಲ್ಲವೆಂದು ನಮ್ಮ ಕಡೆಯ ಮುದುಕರು ಎದ್ದು ಮತ್ತೆ ಮೊದಲನೆಯ ಚರಣ ಹಿಡಿದರು. ನಾವೂ ಎದ್ದೆವು. ನಾವು ಮೂರಕ್ಕೆ ಬರುವಾಗ ಅವರದ್ದು ಮುಗಿಯಿತು, ಅವರು ಕುಳಿತರು. ನಮ್ಮನ್ನು ನೋಡಿ ಅವರಿಗೂ ಸಂಕೋಚವಾಯಿತು, ಅವರೂ ಎದ್ದರು. ಅಯ್ಯನವರು ಕಣ್ಣು ಮುಚ್ಚಿ ನಿಂತೇ ಇದ್ದರು.

ಕೊನೆಗೆ ಹೊರಗೆ ಬಂದಮೇಲೆ ಧಾರವಾಡದ ಹಿರಿಯರು, ಸಭೆಯ ದೊಡ್ಡ ಮನುಷ್ಯರು, ರುಮಾಲು ಸರಿಮಾಡಿಕೊಳ್ಳುತ್ತ ಕೇಳಿದರು, "ಅಯ್ಯನವರ, ನೀವ ಹೇಳ್ರಿ. ಯಾವ ರಾಗ ಖರೇ?"

"ದೇವರಿಗೆ ಎರಡು ಕಿವಿ ಉಂಟಲ್ಲ, ಸುಧಾರಿಸಿಕೊಳ್ತಾನೆ," ಎಂದರು ಅಯ್ಯನವರು. "ನನಗೂ ಇರುವುದು ಎರಡೇ, ಅದೇ ಕಷ್ಟ."

ಮಂಚ ಹೊರಗೆ ಬಂದ ದಿನ

ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಕುಟುಂಬ ಪ್ರಾರ್ಥನೆ. ಸಭೆಯವರೆಲ್ಲ ಬರುತ್ತಾರೆ, ಹಾಡುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಊರಿನ ಮನೆಯ ಚಾವಡಿಯಲ್ಲಾದರೆ ಸರಿ. ಘಾಟ್ಕೋಪರ್‌ನ ಚಾಳಿನಲ್ಲಿ ನಮಗಿದ್ದದ್ದು ಒಂದೇ ರೂಮು. ಅದರಲ್ಲಿ ಮಂಚ, ಪೆಟ್ಟಿಗೆ, ಇದ್ದಿಲಿನ ಸಿಗಡಿ ಒಲೆ, ನಾನು, ನನ್ನ ಹೆಂಡತಿ. ಮೂವತ್ತು ಜನ ಹಿಡಿಯಬೇಕಾದರೆ ಮಂಚ ಹೊರಗೆ ಹೋಗಲೇಬೇಕು. ಹೊತ್ತು ತಂದು ರೂಮುಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದೆ.

ಇಲ್ಲಿ ಹೆಂಡತಿಯ ಸುದ್ದಿ ಸ್ವಲ್ಪ ಹೇಳಬೇಕು. ಅವಳದ್ದು ಕಾರ್ಕಳದ ಹತ್ತಿರ ಒಂದು ಹಳ್ಳಿ. ಹಿಂದಿನ ಮಳೆಗಾಲದಲ್ಲಿ ಅವಳ ಅಮ್ಮ ತೀರಿಹೋಗಿದ್ದರು. ತಂತಿ ಬಂದಾಗ ಮಳೆಗೆ ಸ್ಟೀಮರ್ ನಿಂತಿತ್ತು. ರೈಲಿನಲ್ಲಿ ಸುತ್ತಿ ಬಳಸಿ ಮುಟ್ಟುವಾಗ ಮಣ್ಣಾಗಿರುತ್ತದೆ, ಹೋಗಿ ಎಂತ ಮಾಡುವುದು ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ನಳದಲ್ಲಿ ನೀರು ಬರುವ ಹೊತ್ತಾಯಿತೆಂದು ಕೊಡ ತಗೊಂಡು ಹೋದಳು. ಅದು ನನ್ನನ್ನು ಈಗಲೂ ಚುಚ್ಚುತ್ತದೆ.

ಸರಿ. ಆ ದಿನ ಪ್ರಾರ್ಥನೆಗೆ ಅಯ್ಯನವರು ಆರಿಸಿದ್ದು ಅವಳ ಅಮ್ಮ ದಿನಾ ಸಂಜೆ ಹಾಡುತ್ತಿದ್ದ ಹಾಡು. ಎರಡನೆಯ ಸಾಲಿಗೇ ಇವಳು ಸೆರಗು ಬಾಯಿಗೆ ಒತ್ತಿಕೊಂಡು ಅಳಲಿಕ್ಕೆ ಶುರು. ಒಂದು ವರ್ಷದ್ದೆಲ್ಲ ಒಟ್ಟಿಗೆ ಬಂತು.

ಈಗ ಚಾಳಿನವರ ಕಣ್ಣಿನಿಂದ ನೋಡಿ. ಮಂಚ ಹೊರಗೆ ನಿಂತಿದೆ. ಬಾಗಿಲಲ್ಲಿ ಅರವತ್ತು ಚಪ್ಪಲಿ. ಒಳಗೆ ಬಿಳಿ ಬಟ್ಟೆಯವರು ತಲೆ ತಗ್ಗಿಸಿ ಕುಳಿತಿದ್ದಾರೆ. ಮನೆಯ ಹೆಂಗಸು ಬಿಕ್ಕಿಬಿಕ್ಕಿ ಅಳುತ್ತಿದ್ದಾಳೆ. ಪಕ್ಕದ ರೂಮಿನ ಗುಜರಾತಿ ಅಕ್ಕ, ನಾವೆಲ್ಲ ಬೆನ್ ಅನ್ನುವವರು, ಒಲೆಯ ಮೇಲಿದ್ದದ್ದನ್ನು ಇಳಿಸಿ ಓಡಿ ಬಂದರು. ಜನರನ್ನು ದಾಟಿಕೊಂಡು ಬಂದು ಇವಳನ್ನು ಎದೆಗೆ ಒತ್ತಿಕೊಂಡು, "ಕೌನ್ ಗಯಾ, ಬೆಹನ್?" ಯಾರು ಹೋದರು ತಂಗೀ ಅಂತ ಕೇಳಿದರು.

"ಮಾ," ಎಂದಳು ಇವಳು. ಸುಳ್ಳೇನಲ್ಲವಲ್ಲ.

ಬೆನ್ ಗೊಳೋ ಎಂದು ಅತ್ತರು. ಅಯ್ಯನವರು ಪ್ರಾರ್ಥನೆ ನಿಲ್ಲಿಸುವುದೋ ಮುಂದುವರಿಸುವುದೋ ತಿಳಿಯದೆ ಕಣ್ಣು ಬಿಟ್ಟು ಮುಚ್ಚಿ ಮಾಡಿದರು. ಅಷ್ಟರಲ್ಲಿ ಚಾಳಿನ ಗಂಡಸರು ನಾಲ್ವರು ಟೋಪಿ ತೆಗೆದು ಬಾಗಿಲಲ್ಲಿ ನಿಂತರು. ಅವರಲ್ಲೊಬ್ಬರು ಮೂಲೆಮೂಲೆ ನೋಡಿ, ನನ್ನ ಕಿವಿಯಲ್ಲಿ ಮೆಲ್ಲಗೆ, "ಎಲ್ಲಿ ಮಲಗಿಸಿದ್ದೀರಿ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ವಿಷಯ ಬಿಡಿಸಿ ಹೇಳಬೇಕಾದರೆ ಬೆವರಿಳಿದು ಹೋಯಿತು.

ಬೆನ್‌ಗೆ ಬಂತು ನೋಡಿ ಸಿಟ್ಟು! ಸತ್ತು ಒಂದು ವರ್ಷವಾಯಿತು, ಗೋಡೆಯ ಆಚೆ ಇದ್ದ ತಮಗೆ ಇವತ್ತು ತಿಳಿಯಬೇಕಾ ಎಂದು ನನಗೇ ಬೈದರು. ಆದರೆ ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ಅಷ್ಟರಲ್ಲೇ ಅವರ ಸೊಸೆ, ಮಹಡಿಯ ಮೇಲಿನವರು ಎಲ್ಲ ಸೇರಿ ಎರಡು ದೊಡ್ಡ ಪಾತ್ರೆ ಖಿಚಡಿ, ಕಢಿ ಮಾಡಿಬಿಟ್ಟಿದ್ದರು. ಮಾಡಿದ್ದನ್ನು ಎಂತ ಮಾಡುವುದು? ಮೂವತ್ತು ಜನರೂ ಕುಳಿತು ಉಂಡರು. ನನ್ನ ಹೆಂಡತಿಗೆ ಬೆನ್ ಕೈಯಾರೆ ಎರಡು ತುತ್ತು ತಿನ್ನಿಸಿದರು. ಆ ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಿದಳು.

ಹೋಗುವಾಗ ಧಾರವಾಡದ ಹಿರಿಯರು ಕಢಿಯ ಕೈ ತೊಳೆಯುತ್ತ ಅಂದರು, "ಕಾರ್ಯದರ್ಶಿಗಳ, ಮುಂದಿನ ತಿಂಗಳ ಪ್ರಾರ್ಥನಾನೂ ನಿಮ್ಮ ಮನ್ಯಾಗ ಇಡೂಣಲ್ರಿ. ಮಂಚ ಒಳಗ ತರಬ್ಯಾಡ್ರಿ."

ಕಾಗದದ ಮೇಜು

ನಮ್ಮವರಿಗಷ್ಟೇ ಸಭೆಯಾದರೆ ಸಾಲದು, ಊರ ಜನಕ್ಕೂ ಏನಾದರೂ ಮಾಡಬೇಕೆಂದು ಅಯ್ಯನವರಿಗೆ ಆಸೆ. ಆಸ್ಪತ್ರೆ ಕಟ್ಟಲಿಕ್ಕೆ ಕೈಯಲ್ಲಿ ಕಾಸಿಲ್ಲ. ಕೊನೆಗೆ ಚರ್ಚಿನ ಗೇಟಿನ ಹತ್ತಿರ ಒಂದು ಮೇಜು ಹಾಕಿದೆವು. ಬರೆಯಲು ಬಾರದ ಕನ್ನಡಿಗರು ಯಾರೇ ಬಂದರೂ ಊರಿಗೆ ಕಾಗದ ಬರೆದುಕೊಡುವುದು. ಜಾತಿ ಮತ ಕೇಳುವುದಿಲ್ಲ. ಮಾಟುಂಗದ ಹೋಟೆಲುಗಳ ಅಡಿಗೆಯವರು, ಗಿರಣಿಯವರು ಸಾಲು ನಿಂತರು. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಇದ್ದದ್ದರಿಂದ ಬರೆಯುವ ಕೆಲಸ ಹೆಂಡತಿಗೆ ಬಂತು.

ಅದರಲ್ಲಿ ಉಡುಪಿಯ ಕಡೆಯ ಒಬ್ಬ ಅಡಿಗೆ ಭಟ್ಟ, ನಲವತ್ತರ ಆಸುಪಾಸಿನ ಗಟ್ಟಿ ಆಳು, ಪ್ರತಿ ತಿಂಗಳೂ ಬರುತ್ತಿದ್ದ. ಅವನು ಹೇಳುವುದು ಒಟ್ಟು ಮೂರು ಮಾತು: "ನಾನು ಕ್ಷೇಮ. ದುಡ್ಡು ಕಳಿಸಿದ್ದೇನೆ. ದನ ಕರು ಹಾಕಿತಾ?" ಇವಳು ಬರೆಯುತ್ತಿದ್ದದ್ದು ಮಾತ್ರ ಎರಡು ಪುಟ. ನಾನು ಅಕ್ಷರ ದೊಡ್ಡದಾಗಿ ಬರೆಯುತ್ತಾಳೆಂದು ತಿಳಿದಿದ್ದೆ.

ಮೂರನೆಯ ತಿಂಗಳು ಆಸಾಮಿ ಊರಿನಿಂದ ಬಂದ ಕಾಗದ ಹಿಡಿದುಕೊಂಡು ಓಡಿ ಬಂದ. ನಾನೇ ಓದಿದೆ. ಅವನ ತಾಯಿ ಪಕ್ಕದ ಮನೆಯ ಮಾಸ್ತರರ ಕೈಯಲ್ಲಿ ಬರೆಸಿದ್ದರು: "ಮಗನೇ, ನಿನಗೆ ಏನು ಕಾಯಿಲೆ ಬಂದಿದೆ, ಮುಚ್ಚಿಡಬೇಡ. ನನ್ನ ಕೈಯ ಗಂಜಿಯ ನೆನಪಾಗಿ ಊಟ ಸೇರುವುದಿಲ್ಲ, ಸಂಜೆಯಾದರೆ ನನ್ನ ಸ್ವರ ಕೇಳಬೇಕೆನಿಸುತ್ತದೆ ಎಂದೆಲ್ಲ ಬರೆದಿದ್ದೀಯಲ್ಲ. ನೀನು ಹುಟ್ಟಿದಂದಿನಿಂದ ಇಂಥ ಮಾತು ಆಡಿದವನಲ್ಲ. ದೈವಕ್ಕೆ ಹರಕೆ ಹೊತ್ತಿದ್ದೇನೆ. ಕೂಡಲೇ ಹೊರಟು ಬಾ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಮೇಜು ನೋಡಿದಳು. ಕಾಗದ ಬರೆಯಲಿಕ್ಕೆ ಅವಳಿಗೆ ಅಮ್ಮ ಇರಲಿಲ್ಲ. ಯಾರ ಅಮ್ಮನಿಗಾದರೂ ಆಗಲಿ ಎಂದು ಬರೆದಿದ್ದಳು. ಬೈಯಲಿಕ್ಕೆಂದು ಬಾಯಿ ತೆರೆದವನು ಕಾಗದ ಮಡಿಸಿ ಭಟ್ಟನ ಕೈಗೆ ಕೊಟ್ಟೆ.

ಭಟ್ಟ ತಲೆ ಕೆರೆದುಕೊಂಡ. "ಅಕ್ಕಾ, ಬರೀಬೇಡಿ ಅಂತ ಹೇಳುವುದಿಲ್ಲ ನಾನು. ಪ್ರೀತಿ ಸ್ವಲ್ಪ ಕಡಿಮೆ ಹಾಕಿ. ಊರಲ್ಲಿ ಗಾಬರಿ ಆಗಿದೆ."

ದಾದರ್ ಮಾರ್ಕೆಟ್ಟಿನ ಮೊದಲ ಫಲ

ನಮ್ಮಲ್ಲಿ ವರ್ಷಕ್ಕೊಮ್ಮೆ ಬೆಳೆಹಬ್ಬ. ಹೊಲ, ತೋಟ, ಹಿತ್ತಲಲ್ಲಿ ಬೆಳೆದದ್ದರ ಮೊದಲ ಫಲವನ್ನು ದೇವರ ಮುಂದೆ ಇಟ್ಟು, ಆರಾಧನೆಯ ನಂತರ ಅದನ್ನೆಲ್ಲ ಏಲಂ, ಅಂದರೆ ಹರಾಜು, ಹಾಕುತ್ತಾರೆ. ಬಂದದ್ದು ಬಡವರಿಗೆ. ಬೊಂಬಾಯಿಯಲ್ಲಿ ಹೊಲ ಎಲ್ಲಿಂದ ಬರಬೇಕು? ಹಬ್ಬದ ದಿನ ಬೆಳಿಗ್ಗೆ ಎಲ್ಲರೂ ದಾದರ್ ಮಾರ್ಕೆಟ್ಟಿಗೆ ಹೋಗುವುದು, ತರಕಾರಿ ಕೊಳ್ಳುವುದು, ತಂದು ವೇದಿಯ ಮುಂದೆ ಇಡುವುದು. ಅಯ್ಯನವರು ಗಂಭೀರವಾಗಿ, "ಕರ್ತನೇ, ನಮ್ಮ ಕೈಗಳ ದುಡಿಮೆಯಿಂದ ಭೂಮಿ ಕೊಟ್ಟ ಈ ಬೆಳೆ..." ಎಂದು ಪ್ರಾರ್ಥಿಸುವುದು. ಒಂದು ವರ್ಷ ಹೂಕೋಸು ಅಗ್ಗವಾಗಿತ್ತು. ಇಪ್ಪತ್ತೆರಡು ಮನೆಯವರ ಭೂಮಿಯೂ ಹೂಕೋಸನ್ನೇ ಕೊಟ್ಟಿತ್ತು.

ಆ ದಿನ ಲೋಕಲ್‌ನಲ್ಲಿ ಬರುವಾಗ ಹೆಂಡತಿ ಕುರ್ಲಾ ದಾಟಿದ ಮೇಲೆ ಹೇಳಿದಳು, "ಇದು ದೇವರನ್ನು ಮಂಗ ಮಾಡುವುದಲ್ವಾ? ನಮ್ಮೂರಲ್ಲಿ ಬೆಳೆಹಬ್ಬ ಅಂದ್ರೆ ವೇದಿಯ ಮುಂದೆ ಸೌತೆಕಾಯಿಯ ರಾಶಿ. ಹಳದಿ ಹಳದಿ. ಏಲಂನಲ್ಲಿ ಅದನ್ನು ಯಾರೂ ಕೂಗುವುದೇ ಇಲ್ಲ, ಎಲ್ಲರ ಮನೆಯಲ್ಲೂ ಮಾಡಿನ ಜಂತಿಗೆ ನೇತುಹಾಕಿದ್ದು ಉಂಟು. ಕೊನೆಗೆ ಅಷ್ಟೂ ಅಯ್ಯನವರ ಮನೆಗೇ. ಪಾಪ, ಅವರು ಕ್ರಿಸ್ಮಸ್ ತನಕ ಸೌತೆಕಾಯಿ ಹುಳಿಯೇ ಉಣ್ಣಬೇಕು." ಹೇಳಿ ನಕ್ಕಳು. ನಗುವಾಗ ಕಣ್ಣು ತುಂಬಿತ್ತು.

ಮನೆಗೆ ಬಂದು ಪೆಟ್ಟಿಗೆಯ ತಳದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಮದುವೆಯಾಗಿ ಬರುವಾಗ ಅಮ್ಮ ಬೂದಿಯಲ್ಲಿ ಕಲಸಿ ಕಟ್ಟಿಕೊಟ್ಟ ಸೌತೆಬೀಜ. ಹಸಿ ತಿನ್ನುವ ಸೌತೆಯದ್ದಲ್ಲ, ಹಣ್ಣಾಗಿ ಹಳದಿಯಾದ ಮೇಲೆ ತಿಂಗಳುಗಟ್ಟಲೆ ಕೆಡದ, ಹುಳಿ ಮಾಡುವ ನಮ್ಮೂರಿನ ಸೌತೆಯದ್ದು. ಮಗಳು ಹೋಗುವ ಊರಿನಲ್ಲಿ ನೆಲವೇ ಇಲ್ಲವೆಂದು ಆ ತಾಯಿಗೆ ಯಾರೂ ಹೇಳಿರಲಿಲ್ಲ. ಹುಳ ತಿಂದು ಉಳಿದದ್ದು ಏಳು ಬೀಜ.

ಮಳೆ ಶುರುವಾದಾಗ ಹಳೇ ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿದೆವು. ಮಣ್ಣು ಚರ್ಚಿನ ಅಂಗಳದ್ದು, ನಾನೇ ಟಿಫಿನ್ ಚೀಲದಲ್ಲಿ ತಂದದ್ದು. ರೈಲಿನಲ್ಲಿ ಚೀಲದಿಂದ ಒಂದು ಎರೆಹುಳ ಹೊರಗೆ ಬಂತು. ಎದುರಿಗೆ ಕುಳಿತ ಮುದುಕರು ಅದನ್ನೂ ನನ್ನನ್ನೂ ನೋಡಿ, ಎದ್ದು ಬೇರೆ ಸೀಟಿಗೆ ಹೋದರು. ಏಳು ಬೀಜದಲ್ಲಿ ಹುಟ್ಟಿದ್ದು ಒಂದೇ ಬಳ್ಳಿ. ಅದು ಗ್ಯಾಲರಿಯ ಕಟಕಟೆ ಹಿಡಿದು ಬೆನ್‌ರ ಬಾಗಿಲಿನ ತನಕ ಹೋಯಿತು. ಹೂ ಬಿಟ್ಟದ್ದಕ್ಕೆ ಲೆಕ್ಕವಿಲ್ಲ, ಕಾಯಿ ನಿಂತದ್ದೂ ಒಂದೇ. ಭಾರಕ್ಕೆ ಬೀಳಬಾರದೆಂದು ಬೆನ್ ತಮ್ಮ ಹಳೇ ಸೀರೆ ಹರಿದು ಅದಕ್ಕೊಂದು ತೊಟ್ಟಿಲು ಕಟ್ಟಿದರು. ಚಾಳಿಗೆ ಬಂದವರಿಗೆಲ್ಲ ಸೀರೆ ಸರಿಸಿ ಕಾಯಿಯ ಮುಖ ತೋರಿಸುವರು.

ಬೆಳೆಹಬ್ಬಕ್ಕೆ ವಾರ ಇರುವಾಗ ಕಾಯಿ ಹಣ್ಣಾಯಿತು. ನಾನು ಹೇಳಿದೆ, "ಇದನ್ನು ಮನೆಯಲ್ಲಿಟ್ಟು ಬೀಜ ಮಾಡು. ಹಬ್ಬಕ್ಕೆ ಹೂಕೋಸು ತರ್ತೇನೆ."

"ಮೊದಲ ಕಾಯಿ ದೇವರದ್ದು. ನಮ್ಮಮ್ಮ ಒಂದು ವರ್ಷವೂ ತಪ್ಪಿಸಿದವಳಲ್ಲ."

"ಏಲಂನಲ್ಲಿ ಯಾರಾದ್ರೂ ಕೊಂಡುಹೋಗಿ ಹುಳಿ ಮಾಡಿ, ಬೀಜ ಮೋರಿಗೆ ಹಾಕಿದ್ರೆ? ಅಮ್ಮನ ಬೀಜ ಅಲ್ಲಿಗೆ ಮುಗೀತು."

ಅವಳು ಕತ್ತರಿ ತಂದು ತೊಟ್ಟು ಕತ್ತರಿಸಿದಳು. ಆಚೆ ಬಾಗಿಲಲ್ಲಿ ನಿಂತಿದ್ದ ಬೆನ್ ಮಾತ್ರ, ತಮ್ಮ ಮನೆಯ ಹೆಣ್ಣನ್ನು ಕಳಿಸಿಕೊಟ್ಟವರ ಹಾಗೆ ಮೂಗು ಒರೆಸಿಕೊಂಡರು.

ಏಲಂ

ಹೇಗಾದರೂ ಆ ಕಾಯಿಯನ್ನು ಮನೆಗೆ ವಾಪಸು ತರಲೇಬೇಕೆಂದು ನಾನು ಗಟ್ಟಿ ಮಾಡಿಕೊಂಡೆ. ತೊಂದರೆ ಒಂದೇ: ಕಾರ್ಯದರ್ಶಿ ಏಲಂ ಕೂಗಬಾರದು, ಕೂಗಿದ್ದನ್ನು ಬರೆದುಕೊಳ್ಳಬೇಕು. ಹಾಗಾಗಿ ಅಡಿಗೆ ಭಟ್ಟನನ್ನು ಹಬ್ಬಕ್ಕೆ ಕರೆದು, ಹಿಂದಿನ ಬೆಂಚಿನಲ್ಲಿ ಕೂರಿಸಿ ಹೇಳಿದೆ, "ಸೌತೆಕಾಯಿ ಬಂದಾಗ ಕೂಗು. ಸಿಗುವ ತನಕ ಬಿಡಬೇಡ." ಹೆಂಡತಿಗೆ ಹೇಳಲಿಲ್ಲ. ಮನೆಗೆ ತಂದು ಕೈಗೆ ಕೊಟ್ಟಾಗ ಅವಳ ಮುಖ ಹೇಗಾಗುತ್ತದೆಂದು ನೋಡುವ ಆಸೆ.

ಏಲಂ ಹಾಕುವವರು ಧಾರವಾಡದ ಹಿರಿಯರು. ಹೂಕೋಸು, ಬದನೆ ಎಲ್ಲ ಹೋದವು. ಹಿರಿಯರು ಸೌತೆಕಾಯಿ ಎತ್ತಿ ಹಿಡಿದರು. "ಇದು ಪ್ಯಾಟಿದಲ್ರಿ, ಖರೇನ ಬೆಳದದ್ದು! ನಾಲ್ಕ ಆಣೆ!"

"ಎಂಟಾಣೆ!" ಎಂದ ಹಿಂದಿನಿಂದ ಭಟ್ಟ.

"ಒಂದು ರೂಪಾಯಿ," ಹೆಂಗಸರ ಕಡೆಯಿಂದ ಅಯ್ಯನವರ ಹೆಂಡತಿ. ಅವರಿಗೆ ನಾವು ಅಮ್ಮನವರು ಅನ್ನುವುದು.

ನನಗೆ ಸಿಟ್ಟು ಬಂತು. ಯಾವ ವರ್ಷವೂ ಏನೂ ಕೂಗದ ಅಮ್ಮನವರಿಗೆ ಇದೇ ಸೌತೆಕಾಯಿ ಬೇಕಾಯಿತಾ? ಭಟ್ಟ ಎರಡೆಂದ. ಅಮ್ಮನವರು ಮೂರೆಂದರು. ಭಟ್ಟ ನನ್ನ ಕಡೆ ನೋಡಿದ, ನಾನು ಪುಸ್ತಕದ ಮರೆಯಲ್ಲಿ ತಲೆಯಾಡಿಸಿದೆ. ಐದು, ಆರು, ಎಂಟು. ಸಭೆಯಲ್ಲಿ ಒಂದು ಮಗುವೂ ಅಳಲಿಲ್ಲ. ಪಾಪ, ಅಯ್ಯನವರು ಹೆಂಡತಿಯ ಕಡೆ ನೋಡಿ ಕೈಸನ್ನೆಯಲ್ಲೇ ಬೇಡುತ್ತಿದ್ದರು. ಹನ್ನೊಂದಕ್ಕೆ ನಾನು ಕಿಸೆಯಲ್ಲಿದ್ದ ನೋಟು ಬೆರಳಲ್ಲೇ ಎಣಿಸಿಕೊಂಡೆ. ಹನ್ನೆರಡು ಎಂದ ಭಟ್ಟ, ಹೋಟೆಲಿನಲ್ಲಿ ಆರ್ಡರ್ ಕೂಗುವ ಸ್ವರದಲ್ಲಿ.

ಆಗ ಹೆಂಗಸರ ಕಡೆ ಒಬ್ಬರು ಎದ್ದು ನಿಂತರು. ನೋಡಿದರೆ ನನ್ನ ಹೆಂಡತಿ! ಹಿಂದಕ್ಕೆ ತಿರುಗಿ ಭಟ್ಟನಿಗೆ ಹೇಳಿದಳು, "ಎಂತ ಮಾರಾಯ, ನಿನಗೆ ಹೋಟೆಲಿನ ಸಾಂಬಾರಿಗೆ ಇದೇ ಆಗಬೇಕಾ? ನಿನ್ನ ಅಮ್ಮನಿಗೆ ಅಷ್ಟು ಕಾಗದ ಬರೆದುಕೊಟ್ಟೆನಲ್ಲ, ನನ್ನ ಅಮ್ಮನದ್ದೊಂದು ಸೌತೆಕಾಯಿ ಬಿಡಲಿಕ್ಕೆ ಆಗುವುದಿಲ್ಲವಾ? ಕೊಟ್ಟ ನಾನೇ ಕೂಗಿದರೆ ಚಂದವಲ್ಲ ಅಂತ ಸ್ಟೀಮರಿನ ಟಿಕೇಟಿಗೆ ಕೂಡಿಸಿದ್ದಷ್ಟೂ ಅಮ್ಮನವರ ಕೈಯಲ್ಲಿ ಕೊಟ್ಟು ಕೂಗಿಸ್ತಾ ಇದ್ದೇನೆ!"

ಭಟ್ಟ ಎದ್ದು ಎರಡೂ ಕೈ ಮುಗಿದ. "ಅಕ್ಕಾ, ನನಗೆ ಇದು ಎಂತಕ್ಕೆ? ನಮ್ಮ ಹೋಟೆಲಿನಲ್ಲಿ ರಾಶಿ ಬಿದ್ದಿದೆ. ಸಿಗುವ ತನಕ ಬಿಡಬೇಡ ಅಂತ ಹೇಳಿದ್ದು ಅಗೋ, ನಿಮ್ಮ ಯಜಮಾನರು!"

ಮರಾಠಿ ಸಭೆಯವರು ಕಟ್ಟಿದ ಆ ಚರ್ಚಿನ ಮಾಡು ಹಾರಿಹೋಗುವ ಹಾಗೆ ನಗು ಎದ್ದಿತು. ಅಮ್ಮನವರು ಬೆಂಚಿನ ಮೇಲೆ ತಲೆಯಿಟ್ಟು ನಕ್ಕರು. ಅಯ್ಯನವರು ಮಾತ್ರ, ಸದ್ಯ ತಮ್ಮ ಸಂಬಳ ಉಳಿಯಿತೆಂದು ಎದೆ ಮುಟ್ಟಿಕೊಂಡರು. ನನ್ನ ಹೆಂಡತಿ ಅಷ್ಟು ಜನರ ತಲೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಮನೆಯಲ್ಲಿ ನೋಡಬೇಕೆಂದಿದ್ದ ಆ ಮುಖವನ್ನು ನಾನು ಅಲ್ಲೇ ನೋಡಿದೆ. ನಾಚಿಕೆಯೇ ಆಗಲಿಲ್ಲ.

ಹಿರಿಯರು ಸೌತೆಕಾಯಿಯಿಂದಲೇ ಮೇಜು ಕುಟ್ಟುವವರಿದ್ದರು, ಹತ್ತು ಜನ "ಬೇಡ, ಬೇಡ" ಎಂದು ಕೂಗಿದರು. ಕೈಯಲ್ಲೇ ಕುಟ್ಟಿ ಹೇಳಿದರು, "ಬರಕೋರಿ ಕಾರ್ಯದರ್ಶಿಗಳ. ಗಂಡಾ ಹೆಂಡತಿ ಒಬ್ಬರಿಗೊಬ್ಬರು ಮಾತಾಡದ ಇದ್ರ ದೇವರಿಗೆ ಹನ್ನೆರಡ ರೂಪಾಯಿ ಲಾಭ."

ಅದರ ಮರುವರ್ಷ

ಆ ಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ನಮ್ಮ ರೂಮಿನ ಜಂತಿಗೆ ನೇತುಹಾಕಿದೆವು. ಎರಡು ತಿಂಗಳು ಕೊಯ್ಯಲಿಕ್ಕೆ ಅವಳಿಗೆ ಮನಸ್ಸು ಬರಲಿಲ್ಲ. ಮಲಗಿದಲ್ಲಿಂದ ಅದನ್ನೇ ನೋಡುವಳು. ಕ್ರಿಸ್ಮಸ್ಸಿಗೆ ಕೊಯ್ದಳು. ಹುಳಿಯಲ್ಲಿ ಅರ್ಧ ಬೆನ್‌ರ ಮನೆಗೆ ಹೋಯಿತು, ಬೆನ್ ಬೆಲ್ಲ ಸಾಲದೆಂದರು. ಬೀಜ ತೊಳೆದು, ಬೂದಿಯಲ್ಲಿ ಕಲಸಿ, ಸಭೆಯ ಪ್ರತಿ ಮನೆಗೂ ಒಂದೊಂದು ಪೊಟ್ಟಣ ಕಟ್ಟಿದಳು. ಹಂಚಿದ್ದು ನಾನು, ಪಾಸ್ ಇತ್ತಲ್ಲ. ಧಾರವಾಡದವರಿಗೂ ಕೊಟ್ಟೆ. ಇದರಲ್ಲಿ ಏನು ಮಾಡುತ್ತಾರೆಂದು ಅವರು ಕೇಳಿದರು. ಮೊದಲು ಬೆಳೆಸಿ ಎಂದೆ.

ಮರುವರ್ಷದ ಬೆಳೆಹಬ್ಬಕ್ಕೆ ದಾದರ್ ಮಾರ್ಕೆಟ್ಟಿಗೆ ನಮ್ಮವರು ಯಾರೂ ಹೋಗಲಿಲ್ಲ. ಮಾಟುಂಗ, ಪಾರ್ಲೆ, ಘಾಟ್ಕೋಪರ್ ಎಲ್ಲ ಕಡೆಯ ಚಾಳಿನ ಡಬ್ಬಗಳಿಂದ ಒಟ್ಟು ಮೂವತ್ತೊಂದು ಸೌತೆಕಾಯಿ ಬಂದು ವೇದಿಯ ಮುಂದೆ ಕುಳಿತವು. ಹಳದಿ ಹಳದಿ. ಅಯ್ಯನವರು, "ನಮ್ಮ ಕೈಗಳ ದುಡಿಮೆಯಿಂದ ಭೂಮಿ ಕೊಟ್ಟ ಈ ಬೆಳೆ" ಎನ್ನುವಾಗ ಮೊದಲ ಸಲ ಅವರ ಸ್ವರ ನಡುಗಿತು. ಅದು ಭಕ್ತಿಯೋ ಹೆದರಿಕೆಯೋ ನನಗೆ ಗೊತ್ತಿಲ್ಲ.

ಹಿರಿಯರು ಒಂದನ್ನು ಎತ್ತಿದರು. "ನಾಲ್ಕ ಆಣೆ!"

ಯಾರೂ ಬಾಯಿ ಬಿಡಲಿಲ್ಲ.

"ಎರಡ ಆಣೆ! ಒಂದ ಆಣೆ!" ಗಂಡಸರು ಮಾಡು ನೋಡಿದರು, ಹೆಂಗಸರು ನೆಲ ನೋಡಿದರು. ಹಿಂದಿನ ಬೆಂಚಿನ ಭಟ್ಟ ನನ್ನ ಕಡೆ ನೋಡಿದ, ನಾನು ಬೇಡವೆಂದು ತಲೆಯಾಡಿಸಿದೆ. ಹಿರಿಯರಿಗೆ ರೇಗಿತು. "ಏನ್ರೀ ಇದು! ಹೋದ ವರ್ಷ ಹನ್ನೆರಡ ರೂಪಾಯಿಗೆ ಬಡದಾಡಿದ್ರಿ. ಈ ವರ್ಷ ಪುಕ್ಕಟೆ ಕೊಟ್ರೂ ಯಾರಿಗೂ ಬ್ಯಾಡೇನು?"

ಅಮ್ಮನವರು ನಿಟ್ಟುಸಿರು ಬಿಟ್ಟು, ಮನೆಯಿಂದಲೇ ತಂದಿದ್ದ ಎರಡು ಗೋಣಿಚೀಲ ಬಿಡಿಸಿದರು.

ಆಗ ಹೆಂಗಸರ ಕಡೆಯಿಂದ ಒಂದು ನಗು ಕೇಳಿತು. ಗಟ್ಟಿಯಾಗಿ, ಹಿತ್ತಲಿನಲ್ಲಿ ನಿಂತು ನಕ್ಕ ಹಾಗೆ, ಚರ್ಚು ಎಂಬ ಪರಿವೆಯಿಲ್ಲದೆ. ನನ್ನ ಹೆಂಡತಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ, ನಗುತ್ತ, ಮತ್ತೆ ಒರೆಸಿಕೊಳ್ಳುತ್ತ ಪಕ್ಕದವರಿಗೆಲ್ಲ ಹೇಳುತ್ತಿದ್ದಳು:

"ನೋಡಿ, ಯಾರಿಗೂ ಬೇಡ! ನೋಡಿ ಮಾರಾಯ್ರೆ, ನಮ್ಮೂರಿನ ಹಾಗೇ ಆಯ್ತು!"